ಒಂದು ಲಾರಿಯ ಪಾಲು

ಕೊಡಗಿಗೆ ವಿಮಾನ ನಿಲ್ದಾಣ ಬೇಕೇ ಬೇಡವೇ ಎಂಬ ಚರ್ಚೆ ಹೊಸದಲ್ಲ. ಕಾವೇರಿಯೂ ಹಾರಂಗಿಯೂ ಕೂಡುವ ಕೂಡಿಗೆಯ ಬಳಿ ಕಿರು ವಿಮಾನ ನಿಲ್ದಾಣವೊಂದನ್ನು ಕಟ್ಟುವ ಪ್ರಸ್ತಾಪ ವರ್ಷಗಳಿಂದ ಸುದ್ದಿಯಲ್ಲಿ ಕಾಣಿಸಿಕೊಳ್ಳುತ್ತದೆ, ಮರೆಯಾಗುತ್ತದೆ, ಮತ್ತೆ ಕಾಣಿಸಿಕೊಳ್ಳುತ್ತದೆ. ಅತ್ತ ಘಟ್ಟದ ಕೆಳಗೆ, ಕೇರಳದ ಮಟ್ಟನ್ನೂರಿನಲ್ಲಿ, ಕಣ್ಣೂರು ಅಂತರರಾಷ್ಟ್ರೀಯ ವಿಮಾನ ನಿಲ್ದಾಣ 2018ರ ಡಿಸೆಂಬರ್ 9ರಂದು ಶುರುವಾಗಿಯೂ ಆಯಿತು. 2021ರಲ್ಲಿ ಅಲ್ಲಿಂದ ಸರಕು ಸಾಗಣೆಯೂ ಆರಂಭವಾಯಿತು. ವಿರಾಜಪೇಟೆಯವರಿಗೆ ಅದು ಮಂಗಳೂರಿಗಿಂತಲೂ ಬೆಂಗಳೂರಿಗಿಂತಲೂ ಹತ್ತಿರ. ಪೆರುಂಬಾಡಿ ಚೆಕ್‌ಪೋಸ್ಟ್ ದಾಟಿ, ಮಾಕುಟ್ಟದ ಕಾಡಿನ ತಿರುವುಗಳನ್ನು ಇಳಿದು, ಕೂಟುಪುಳದ ಸೇತುವೆ ದಾಟಿದರೆ ಇರಿಟ್ಟಿ. ಅಲ್ಲಿಂದ ಮಟ್ಟನ್ನೂರು ದೂರವಲ್ಲ.

ಇಂಥ ಚರ್ಚೆಗಳಲ್ಲಿ ರನ್‌ವೇ ಎಷ್ಟು ಉದ್ದ, ಜಾಗ ಎಷ್ಟು ಎಕರೆ, ಯಾರ ಅನುಮತಿ ಬಾಕಿ ಎಂಬ ಪ್ರಶ್ನೆಗಳೇ ಮುಂದೆ ನಿಲ್ಲುತ್ತವೆ. ರಸ್ತೆಯ ಮಾತು ಬರುವುದು ಕೊನೆಯಲ್ಲಿ, ಅದೂ ‘ಅಗಲ ಮಾಡಿದರಾಯಿತು’ ಎಂಬ ಒಂದು ಸಾಲಿನಲ್ಲಿ. ಆದರೆ ಆಕಾಶದಲ್ಲಿ ಹಾರುವ ಪ್ರತಿ ಟನ್ ಸರಕೂ ಮೊದಲು ನೆಲದ ಮೇಲೆ ಬಂದಿರಬೇಕು. ಅದನ್ನು ತಂದದ್ದು ಒಂದು ಲಾರಿ. ಆ ಲಾರಿ ಹಾದುಬಂದದ್ದು ಯಾರದೋ ಮನೆಯ ಮುಂದಿನ ರಸ್ತೆಯಲ್ಲಿ. ಆ ಮನೆಯವರಿಗೆ ಲಾರಿಯವನು ಏನಾದರೂ ಬಾಕಿ ಉಳಿಸಿಕೊಂಡಿದ್ದಾನೆಯೇ? ಉಳಿಸಿಕೊಂಡಿದ್ದರೆ ಎಷ್ಟು? ಈ ಬರಹದ ಪ್ರಶ್ನೆ ಇಷ್ಟೇ. ಕೇಳಲು ಸಣ್ಣದು, ಉತ್ತರಿಸಲು ಹೊರಟಾಗ ನೀತಿಶಾಸ್ತ್ರದ ಒಂದು ಹಳೆಯ ತೊಡಕಿಗೆ ಸಿಕ್ಕಿಬೀಳುತ್ತೇವೆ.

ಮೊದಲು ಆ ನೆಲದ ಗುಣ ತಿಳಿಯೋಣ. ಕೊಡಗು ಸುಮಾರು 4,100 ಚದರ ಕಿಲೋಮೀಟರಿನ ಸಣ್ಣ ಜಿಲ್ಲೆ. 2011ರ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆ 5,54,519. ರೈಲು ಇಲ್ಲ. ಬರುವುದೂ ಹೋಗುವುದೂ ಎಲ್ಲ ರಸ್ತೆಯಲ್ಲೇ: ಅಕ್ಕಿ, ಗ್ಯಾಸ್ ಸಿಲಿಂಡರ್, ಸಿಮೆಂಟು, ಗೊಬ್ಬರ, ಪ್ರವಾಸಿಗರು, ಮೈಸೂರಿನ ಆಸ್ಪತ್ರೆಗೆ ಓಡುವ ಆಂಬುಲೆನ್ಸ್. ಘಟ್ಟದ ರಸ್ತೆಯ ಒಂದು ಕಡೆ ಕಡಿದ ಬರೆ, ಇನ್ನೊಂದು ಕಡೆ ಇಳಿಜಾರು. ಮಳೆಗಾಲದಲ್ಲಿ ‘ಬರೆ ಕುಸಿತ’ ಎಂಬ ಮಾತು ಇಲ್ಲಿ ಹವಾಮಾನದ ವರದಿಯಷ್ಟೇ ಸಾಮಾನ್ಯ. ಮಳೆ ಜೋರಾದಾಗ ಜಿಲ್ಲಾಡಳಿತ ಭಾರೀ ವಾಹನಗಳ ಸಂಚಾರವನ್ನು ನಿರ್ಬಂಧಿಸುವುದೂ ಈಚಿನ ವರ್ಷಗಳಲ್ಲಿ ವಾಡಿಕೆಯಾಗಿದೆ.

2018ನೇ ಇಸವಿಯ ನಾಲ್ಕು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಜೂನ್‌ನಲ್ಲಿ ಮಾಕುಟ್ಟದ ಘಾಟ್ ರಸ್ತೆಯಲ್ಲಿ ಗುಡ್ಡ ಜರಿದು, ಮರಗಳು ಉರುಳಿ, ಸಂಚಾರ ನಿಂತಿತು. ಜುಲೈಯಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ ಲಾರಿಗಳು ಹೊರಬಹುದಾದ ತೂಕದ ಮಿತಿಯನ್ನು ಏರಿಸಿತು. ನಾಲ್ಕು ಚಕ್ರಗಳ ಒಂದು ಆಕ್ಸಲ್‌ಗೆ 10.2 ಟನ್ ಇದ್ದ ಮಿತಿ 11.5 ಟನ್ ಆಯಿತು. ಆಗಸ್ಟ್‌ನಲ್ಲಿ ಮಕ್ಕಂದೂರು, ಮದೆನಾಡು, ಜೋಡುಪಾಲದ ಸುತ್ತ ಬೆಟ್ಟಗಳೇ ಜಾರಿದವು; ಜೀವಗಳು ಹೋದವು, ಮಡಿಕೇರಿ–ಮಂಗಳೂರು ಹೆದ್ದಾರಿ ತುಂಡಾಯಿತು. ಡಿಸೆಂಬರ್‌ನಲ್ಲಿ ಕಣ್ಣೂರಿನಿಂದ ಮೊದಲ ವಿಮಾನ ಹಾರಿತು. ಇವುಗಳಲ್ಲಿ ಒಂದು ಇನ್ನೊಂದಕ್ಕೆ ಕಾರಣ ಎಂದು ನಾನು ಹೇಳುತ್ತಿಲ್ಲ. ಆಗಸ್ಟ್‌ನ ದುರಂತಕ್ಕೆ ವಿಪರೀತ ಮಳೆಯ ಜೊತೆಗೆ ಮನುಷ್ಯರು ಇಳಿಜಾರುಗಳನ್ನು ಕಡಿದದ್ದನ್ನೂ ಭೂವಿಜ್ಞಾನಿಗಳು ಬೊಟ್ಟುಮಾಡಿ ತೋರಿಸಿದ್ದಾರೆ. ಲಾರಿಯ ತೂಕದ ಆದೇಶಕ್ಕೂ ಅದಕ್ಕೂ ನಂಟಿಲ್ಲ. ನಾನು ಹೇಳುವುದು ಬೇರೆ. ಈ ನಾಲ್ಕೂ ಬೇರೆಬೇರೆ ಕಚೇರಿಗಳ ಬೇರೆಬೇರೆ ಕಡತಗಳಲ್ಲಿವೆ. ಒಂದು ಕಡತ ತೂಕವನ್ನು ಹೆಚ್ಚಿಸುತ್ತದೆ, ಇನ್ನೊಂದು ಸರಕನ್ನು ಕರೆಯುತ್ತದೆ, ಮತ್ತೊಂದು ಕುಸಿದ ಮಣ್ಣನ್ನು ತೆಗೆಸುತ್ತದೆ. ಇವೆಲ್ಲ ಒಂದಾಗುವುದು ಒಂದೇ ಜಾಗದಲ್ಲಿ, ಅದು ರಸ್ತೆ.

ಇನ್ನು ಸರಕು. ‘ಸರಕು ವಿಮಾನ ಬಂದರೆ ನಮ್ಮ ಕಾಫಿಗೆ ಅನುಕೂಲ’ ಎಂಬ ಮಾತನ್ನು ನಾನು ಅನೇಕ ಕಡೆ ಕೇಳಿದ್ದೇನೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಕೊಡಗಿನದು ಎಂಬುದೂ ನಿಜ. ಆದರೆ ಕಾಫಿಬೀಜ ಹಾರುವ ಸರಕಲ್ಲ. ಕ್ಯೂರಿಂಗ್ ವರ್ಕ್ಸ್‌ನಿಂದ ಹೊರಟ ಚೀಲಗಳು ಕಂಟೇನರ್ ಸೇರಿ, ಬಂದರಿಗೆ ಹೋಗಿ, ಹಡಗು ಹತ್ತುತ್ತವೆ. ಒಂದು ಸಣ್ಣ ಕಂಟೇನರ್‌ನಲ್ಲಿ ಸುಮಾರು 19 ಟನ್ ಕಾಫಿ ಹಿಡಿಸುತ್ತದೆ. ಬೋಯಿಂಗ್ 737 ಸರಕು ವಿಮಾನ ಹೊರುವುದು ಹೆಚ್ಚುಕಡಿಮೆ ಅಷ್ಟೇ. ಹಡಗು ಹೊರುವುದು ಅಂಥ ಸಾವಿರಾರು ಕಂಟೇನರ್‌ಗಳನ್ನು. ಬೀಜ ಕೆಡುವುದಿಲ್ಲ, ಕಾಯಬಲ್ಲದು. ಹಾರುವುದು ಕಾಯಲಾರದ ಸರಕು: ಹೂವು, ಮೀನು, ತರಕಾರಿ, ಹಣ್ಣು, ಔಷಧಿ. ಇಲ್ಲವೇ ಕಾಯಲು ಬಿಡಲಾಗದಷ್ಟು ಬೆಲೆಬಾಳುವ ಸಾಮಾನು.

ಇದರಿಂದ ರಸ್ತೆಗೆ ಏನಾಗುತ್ತದೆ ಎಂಬುದನ್ನು ಗಮನಿಸಿ. ಕಾಯಬಲ್ಲ ಸರಕು ರಸ್ತೆಯ ಜೊತೆ ಹೊಂದಿಕೊಳ್ಳುತ್ತದೆ. ಮಳೆ ಬಂದರೆ ನಿಲ್ಲುತ್ತದೆ, ಬರೆ ಕುಸಿದರೆ ನಾಳೆ ಹೊರಡುತ್ತದೆ. ಕಾಯಲಾರದ ಸರಕು ರಸ್ತೆಯೇ ತನಗೆ ಹೊಂದಿಕೊಳ್ಳಲಿ ಎನ್ನುತ್ತದೆ. ರಾತ್ರಿ ಎರಡು ಗಂಟೆಗೆ ವಿಮಾನವಿದ್ದರೆ ಸಂಜೆಗೇ ಘಟ್ಟ ಇಳಿಯಬೇಕು. ಮಂಜಿದ್ದರೂ ಇಳಿಯಬೇಕು, ಕಾಡಾನೆ ದಾಟುವ ಹೊತ್ತಾದರೂ ಇಳಿಯಬೇಕು. ಅವಸರ ಆಕಾಶದ್ದು, ಅದನ್ನು ನಿಭಾಯಿಸಬೇಕಾದವನು ಲಾರಿ ಚಾಲಕ. ಅಪಘಾತವಾದರೆ ಮೊದಲು ಏಟು ತಿನ್ನುವವನೂ ಅವನೇ.

ಹಾಗಾದರೆ ಎಷ್ಟು ಲಾರಿ? ಲೆಕ್ಕ ಹಾಕಿದರೆ ನಿರಾಸೆಯಾಗುವಷ್ಟು ಸಣ್ಣ ಸಂಖ್ಯೆ. 20 ಟನ್ ಹೊರುವ ವಿಮಾನಕ್ಕೆ ಎರಡು ಲಾರಿ ಸಾಕು. ಪ್ರಯಾಣಿಕರ ವಿಮಾನದ ಹೊಟ್ಟೆಯಲ್ಲಿ ಹೋಗುವ ಸರಕಿಗೆ ಪಿಕ್‌ಅಪ್ ವಾಹನವೇ ಸಾಕಾದೀತು. ಈಗಾಗಲೇ ತರಕಾರಿ ಲಾರಿ, ಮರದ ಲಾರಿ, ಪ್ರವಾಸಿಗರ ಕಾರುಗಳಿಂದ ತುಂಬಿರುವ ರಸ್ತೆಗೆ ಇನ್ನೆರಡು ಲಾರಿ ಸೇರಿದರೆ ಯಾರಿಗೆ ಗೊತ್ತಾಗುತ್ತದೆ? ಯೋಜನೆಯ ಪರವಾಗಿ ಮಾತಾಡುವವರ ಈ ಪ್ರಶ್ನೆ ಪ್ರಾಮಾಣಿಕವಾದದ್ದೇ. ಉತ್ತರವೂ ಪ್ರಾಮಾಣಿಕವಾಗಿರಬೇಕು: ಯಾರಿಗೂ ಗೊತ್ತಾಗುವುದಿಲ್ಲ.

ನಾನು ಹೇಳಿದ ಹಳೆಯ ತೊಡಕು ಇದೇ. ಬ್ರಿಟಿಷ್ ತತ್ವಜ್ಞಾನಿ ಜೊನಾಥನ್ ಗ್ಲೋವರ್ 1975ರ ಒಂದು ಲೇಖನದಲ್ಲಿ ಇದನ್ನು ಕಾಳುಗಳ ಕತೆಯಾಗಿ ಹೇಳಿದ. ಒಂದು ಊರಿನಲ್ಲಿ ನೂರು ಜನ ಊಟಕ್ಕೆ ಕೂತಿದ್ದಾರೆ, ಪ್ರತಿಯೊಬ್ಬರ ಬಟ್ಟಲಿನಲ್ಲಿ ನೂರು ಕಾಳು. ನೂರು ಜನ ದರೋಡೆಕೋರರು ಬಂದು, ತಲಾ ಒಬ್ಬೊಬ್ಬರ ಬಟ್ಟಲು ಕಸಿದು ತಿನ್ನುತ್ತಾರೆ. ಆಮೇಲೆ ಅವರಿಗೆ ಪಾಪಪ್ರಜ್ಞೆ ಕಾಡುತ್ತದೆ. ಮುಂದಿನ ಸಲ ಉಪಾಯ ಬದಲಿಸುತ್ತಾರೆ: ಪ್ರತಿಯೊಬ್ಬ ದರೋಡೆಕೋರನೂ ಪ್ರತಿ ಬಟ್ಟಲಿನಿಂದ ಒಂದೇ ಒಂದು ಕಾಳು ತೆಗೆಯುತ್ತಾನೆ. ಒಂದು ಕಾಳು ಕಡಿಮೆಯಾದರೆ ಯಾರ ಹೊಟ್ಟೆಗೂ ಗೊತ್ತಾಗುವುದಿಲ್ಲ. ಆದ್ದರಿಂದ ತಾನು ಯಾರಿಗೂ ಕೇಡು ಮಾಡಿಲ್ಲ ಎಂದು ನೂರು ಜನವೂ ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ. ಬಟ್ಟಲುಗಳು ಮಾತ್ರ ಮೊದಲಿನಂತೆಯೇ ಖಾಲಿ. 1984ರಲ್ಲಿ ಡೆರೆಕ್ ಪಾರ್ಫಿಟ್ ಈ ಯೋಚನೆಯನ್ನು ಇನ್ನಷ್ಟು ಬೆಳೆಸಿದ. ನನ್ನ ಒಬ್ಬನ ಕೆಲಸ ಮಾತ್ರ ಏನು ಮಾಡಿತು ಎಂದು ಕೇಳಿದರೆ ಸಾಲದು, ನನ್ನ ಕೆಲಸ ಸೇರಿರುವ ಗುಂಪು ಏನು ಮಾಡಿತು ಎಂದೂ ಕೇಳಬೇಕು ಎಂಬುದು ಅವನ ವಾದದ ತಿರುಳು.

ರಸ್ತೆಯ ವಿಷಯದಲ್ಲಿ ಕಾಳಿನ ಕತೆ ಇನ್ನೂ ಕಠಿಣ. ಏಕೆಂದರೆ ಇಲ್ಲಿ ಕಾಳುಗಳೆಲ್ಲ ಒಂದೇ ಗಾತ್ರದವಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್ಸ್‌ನಲ್ಲಿ ಎಂಜಿನಿಯರುಗಳು ಪರೀಕ್ಷೆಗೆಂದೇ ರಸ್ತೆ ಕಟ್ಟಿ, ಬೇರೆಬೇರೆ ತೂಕದ ಲಾರಿಗಳನ್ನು ಹಗಲೂ ರಾತ್ರಿ ಓಡಿಸಿ ನೋಡಿದರು. ಅದರಿಂದ ಹೊರಟ ಸೂತ್ರವನ್ನು ರಸ್ತೆ ಕಟ್ಟುವವರೆಲ್ಲ ಬಲ್ಲರು: ಆಕ್ಸಲ್ ಮೇಲಿನ ತೂಕ ಎರಡರಷ್ಟಾದರೆ ರಸ್ತೆಗಾಗುವ ಹಾನಿ ಸುಮಾರು ಹದಿನಾರರಷ್ಟಾಗುತ್ತದೆ. ಅಂದರೆ ಹಾನಿ ತೂಕದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರುತ್ತದೆ. 10.2 ಟನ್ ಮಿತಿ 11.5 ಆದಾಗ ತೂಕ ಹೆಚ್ಚಿದ್ದು ಶೇಕಡಾ 13ರಷ್ಟು. ಈ ಸೂತ್ರದ ಪ್ರಕಾರ ಹಾನಿ ಹೆಚ್ಚುವುದು ಶೇಕಡಾ 60ರಷ್ಟು. ಸ್ಕೂಟರು, ಜೀಪು, ಬಸ್ಸು, ಲಾರಿ ಎಲ್ಲವೂ ‘ಒಂದೊಂದು ವಾಹನ’ ಎಂದು ಎಣಿಸುವುದರಲ್ಲೇ ಒಂದು ಅನ್ಯಾಯ ಅಡಗಿದೆ. ರಸ್ತೆ ಹಾಗೆ ಎಣಿಸುವುದಿಲ್ಲ.

ಈಗ ನನ್ನ ವಾದದ ಮುಖ್ಯ ಮಾತಿಗೆ ಬರುತ್ತೇನೆ. ಲಾರಿ ಚಾಲಕನಿಗೆ ತಾನು ಯಾವ ಗುಂಪಿನ ಎಷ್ಟನೆಯವನು ಎಂದು ತಿಳಿಯುವ ದಾರಿಯಿಲ್ಲ. ಹೂವು ಕಳಿಸಿದವನಿಗೂ ಇಲ್ಲ, ದುಬೈಯಲ್ಲಿ ಅದನ್ನು ಕೊಂಡವನಿಗೂ ಇಲ್ಲ. ಆದರೆ ಒಬ್ಬರಿಗೆ ಮಾತ್ರ ಗೊತ್ತಿರುತ್ತದೆ: ಯೋಜನೆ ಬರೆದವರಿಗೆ. ಸರಕು ನಿಲ್ದಾಣದ ಯಾವ ಯೋಜನಾ ವರದಿಯೂ ವರ್ಷಕ್ಕೆ ಎಷ್ಟು ಟನ್ ಎಂದು ಲೆಕ್ಕ ಹಾಕದೆ ಹುಟ್ಟುವುದಿಲ್ಲ. ಆ ಅಂಕಿಯೇ ಅದರ ಹೆಮ್ಮೆ. ಅದೇ ಅಂಕಿಯನ್ನು ಲಾರಿಗಳಿಗೆ, ಆಕ್ಸಲ್‌ಗಳಿಗೆ, ತಿರುವುಗಳಿಗೆ ಭಾಗಿಸಿ ನೋಡುವುದು ಕಷ್ಟದ ಗಣಿತವೇನಲ್ಲ. ಆದರೂ ರಸ್ತೆಯ ಮಾತು ಬಂದಾಗ ಇದ್ದಕ್ಕಿದ್ದಂತೆ ಮೊತ್ತ ಮಾಯವಾಗಿ ‘ಇನ್ನೆರಡು ಲಾರಿ ತಾನೇ’ ಎಂಬ ಬಿಡಿ ಮಾತು ಕೇಳಿಸುತ್ತದೆ. ಲಾಭವನ್ನು ಮೊತ್ತದಲ್ಲಿ ಹೇಳುವುದು, ಹೊರೆಯನ್ನು ಬಿಡಿಯಾಗಿ ಹೇಳುವುದು: ಇಲ್ಲಿನ ಅನೀತಿ ಇಷ್ಟು ಸರಳವಾದದ್ದು. ಇದಕ್ಕೆ ಯಾರೂ ಸುಳ್ಳು ಹೇಳಬೇಕಾಗಿಲ್ಲ. ಎರಡೂ ಮಾತು ನಿಜವೇ. ಆದರೆ ಎರಡು ಬೇರೆ ಅಳತೆಗೋಲಿನಲ್ಲಿ ಅಳೆದ ನಿಜಗಳನ್ನು ಒಂದೇ ತಕ್ಕಡಿಯಲ್ಲಿ ಹಾಕಲಾಗಿದೆ.

ಬಿಡಿಯಾಗಿ ಕಾಣದ ಹೊರೆ ಬೀಳುವುದು ಯಾರ ಮೇಲೆ? ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲಿನ ಕಾಲ. ಬೆಳಿಗ್ಗೆ ಲೈನ್ ಮನೆಗಳಿಂದ ಹೆಂಗಸರು ಗುಂಪಾಗಿ ರಸ್ತೆಯ ಅಂಚಿನಲ್ಲೇ ನಡೆದು ತೋಟ ಸೇರುತ್ತಾರೆ. ಕಾಲುದಾರಿ ಎಂಬುದು ಇಲ್ಲ. ಟಾರು ಮುಗಿದ ಕೂಡಲೇ ಚರಂಡಿ, ಚರಂಡಿಯ ಪಕ್ಕ ಬೇಲಿ. ಲಾರಿ ಬಂದಾಗ ಚರಂಡಿಗೆ ಇಳಿದು ನಿಲ್ಲಬೇಕು. ಶಾಲೆಗೆ ಹೋಗುವ ಮಕ್ಕಳೂ ಹಾಗೆಯೇ. ಸಂಜೆ ಕತ್ತಲಾದ ಮೇಲೆ ಆನೆಯ ಭಯ, ಆನೆ ಇಲ್ಲದ ಹೊತ್ತಿನಲ್ಲಿ ಲಾರಿಯ ಭಯ. ಕೊಡಗಿನ ಯಾವ ವರದಿಯಲ್ಲೂ ‘ದಿನಕ್ಕೆ ಎಷ್ಟು ಸಲ ಚರಂಡಿಗೆ ಇಳಿದು ನಿಂತರು’ ಎಂಬ ಕಾಲಂ ಇರುವುದಿಲ್ಲ. ನಿಂತವರ ಸಮಯಕ್ಕೆ ಬೆಲೆಯಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಿಲ್ಲ. ಆದರೆ ಲೆಕ್ಕದಲ್ಲಿ ಅದು ಸೊನ್ನೆ.

ಇವಾನ್ ಇಲಿಚ್ 1974ರಲ್ಲಿ ಬರೆದ ಸಣ್ಣ ಪುಸ್ತಕವೊಂದರಲ್ಲಿ ವೇಗವನ್ನೇ ನ್ಯಾಯದ ಪ್ರಶ್ನೆಯಾಗಿ ನೋಡಿದ. ಒಂದು ಮಿತಿ ದಾಟಿದ ವೇಗ ಕೆಲವರಿಗೆ ಸಮಯ ಉಳಿಸುವುದು ಉಳಿದವರ ಸಮಯವನ್ನು ತೆಗೆದುಕೊಂಡೇ ಎಂಬುದು ಅವನ ಆರೋಪ. ಅದಕ್ಕೂ ಬಹಳ ಮೊದಲು, 1909ರ ಹಿಂದ್ ಸ್ವರಾಜ್‌ನಲ್ಲಿ, ಗಾಂಧಿ ರೈಲನ್ನು ಹೀಗೆಯೇ ಅನುಮಾನದಿಂದ ನೋಡಿದ್ದರು. ಇಬ್ಬರನ್ನೂ ನಾನು ಪೂರ್ತಿ ಒಪ್ಪಲಾರೆ. ಮಡಿಕೇರಿಯಿಂದ ಮೈಸೂರಿಗೆ ಹೊರಟ ಆಂಬುಲೆನ್ಸ್‌ನಲ್ಲಿ ಕೂತವರಿಗೆ ವೇಗ ಅನ್ಯಾಯವಲ್ಲ, ಉಸಿರು. ಆದರೆ ಇಲಿಚ್ ಕಲಿಸುವ ಒಂದು ಅಭ್ಯಾಸ ಉಪಯುಕ್ತ: ಸಮಯ ಉಳಿಯಿತು ಎಂದಾಗಲೆಲ್ಲ ಯಾರದು, ಯಾರಿಂದ ಎಂದು ಕೇಳುವುದು.

ಇಷ್ಟು ಹೇಳಿದ ಮೇಲೆ ‘ನಮ್ಮ ರಸ್ತೆ, ನಮ್ಮ ಇಷ್ಟ’ ಎಂದು ಮುಗಿಸುವುದು ಸುಲಭ. ಈ ತೀರ್ಮಾನದ ಮುಂದೆ ನಾನು ತಡೆದು ನಿಲ್ಲುತ್ತೇನೆ. 2020ರ ಮಾರ್ಚ್‌ನಲ್ಲಿ, ಕೋವಿಡ್ ಬಂದಾಗ, ಕರ್ನಾಟಕ ಕೇರಳದ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಮಾಕುಟ್ಟದ ರಸ್ತೆಯಲ್ಲೂ ಮಣ್ಣಿನ ರಾಶಿ ಬಿತ್ತು. ಮೈಸೂರಿನ ಕಡೆಯಿಂದ ಕಣ್ಣೂರಿಗೆ ತರಕಾರಿ ಹೋಗುತ್ತಿದ್ದ ದಾರಿ ಅದು. ಅತ್ತ ತಲಪಾಡಿಯಲ್ಲಿ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಗಡಿಯಲ್ಲಿ ತಡೆಯಲ್ಪಟ್ಟರು. ಚಿಕಿತ್ಸೆ ಸಿಗದೆ ಸಾವುಗಳಾದವು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಸತ್ತವರಲ್ಲಿ ಕನ್ನಡ, ತುಳು ಮಾತಾಡುವ ನೆಲದವರೂ ಇದ್ದಾರು ಎಂಬ ಯೋಚನೆ ಆ ಮಣ್ಣಿನ ರಾಶಿಯನ್ನು ತಡೆಯಲಿಲ್ಲ. ರಸ್ತೆಯನ್ನು ಆಸ್ತಿ ಎಂದು ತಿಳಿದವರಿಗೆ ಅದನ್ನು ಮುಚ್ಚುವುದು ಬೇಲಿ ಹಾಕಿದಷ್ಟೇ ಸಹಜ. ಹಳೆಯ ಕೊಡಗಿನಲ್ಲಿ ಶತ್ರುವನ್ನು ತಡೆಯಲು ತೋಡಿದ ಕಡಂಗಗಳು ಇಂದಿಗೂ ಕಾಡಿನಲ್ಲೂ ತೋಟಗಳಲ್ಲೂ ಕಾಣಸಿಗುತ್ತವೆ. ಕಂದಕ ತೋಡುವ ಬುದ್ಧಿ ನಮ್ಮಲ್ಲಿ ಹಳೆಯದು. ಅದು ಕೆಲವೊಮ್ಮೆ ಕಾಪಾಡಿದೆ, ಕೆಲವೊಮ್ಮೆ ಕುರುಡಾಗಿಸಿದೆ.

ಇನ್ನೊಂದು ಮಾತನ್ನೂ ಒಪ್ಪಬೇಕು. ಯೋಜನೆಯವರು ಆಡುವ ಆಟವನ್ನೇ ನಾವೂ ತಿರುಗಿಸಿ ಆಡುತ್ತೇವೆ. ಹೊರಗಿನವರ ಲಾರಿಗಳನ್ನು ಮೊತ್ತದಲ್ಲಿ ಎಣಿಸುತ್ತೇವೆ. ನಮ್ಮ ಮನೆಯ ಕಾರು, ನಮ್ಮ ಹೋಂಸ್ಟೇಗೆ ಬರುವ ಅತಿಥಿಗಳ ವಾಹನ, ನಮ್ಮ ತೋಟದಿಂದ ಹೊರಟ ಮರದ ಲಾರಿಯನ್ನು ಬಿಡಿಯಾಗಿ. ವಾರಾಂತ್ಯದಲ್ಲಿ ಮಡಿಕೇರಿಯ ರಸ್ತೆಗಳು ತುಂಬಿ ನಿಲ್ಲುವುದು ಯಾವ ವಿಮಾನ ನಿಲ್ದಾಣದಿಂದಲೂ ಅಲ್ಲ. ಗಲ್ಫ್‌ನಲ್ಲಿ ದುಡಿಯುವ ಮಗನಿಗೆ, ರಜೆಗೆ ಬರುವ ಸೈನಿಕನಿಗೆ ಕಣ್ಣೂರಿನ ನಿಲ್ದಾಣ ಹತ್ತಿರವಾದಾಗ ಖುಷಿಪಟ್ಟವರಲ್ಲಿ ನಮ್ಮವರೂ ಇದ್ದಾರೆ. ನ್ಯಾಯದ ಅಳತೆಗೋಲು ಒಂದೇ ಆಗಿರಬೇಕು ಎಂದು ಕೇಳುವವರು ಅದನ್ನು ತಮ್ಮ ಅಂಗಳಕ್ಕೂ ಹಿಡಿಯಬೇಕು.

ಹಾಗಾದರೆ ಮುಚ್ಚುವುದಕ್ಕೂ ಅಗಲ ಮಾಡುವುದಕ್ಕೂ ನಡುವೆ ಏನಾದರೂ ಇದೆಯೇ? ಇದೆ, ಮತ್ತು ನಮ್ಮ ನೆರೆಯಲ್ಲೇ ಇದೆ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ, ನಾಗರಹೊಳೆಯ ಮೂಲಕ ಹೋಗುವ ಮೈಸೂರು–ಮಾನಂದವಾಡಿ ರಸ್ತೆಯಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. 2010ರಲ್ಲಿ ಕರ್ನಾಟಕ ಹೈಕೋರ್ಟ್ ಬಂಡೀಪುರದ ನಿರ್ಬಂಧವನ್ನು ಎತ್ತಿಹಿಡಿಯಿತು. 2019ರಲ್ಲಿ ವಯನಾಡಿನ ಯುವಕರು ಇದರ ವಿರುದ್ಧ ಉಪವಾಸ ಕೂತರು. ಅವರ ಕಷ್ಟವೂ ನಿಜವಾದದ್ದೇ. ಆದರೂ ಈ ನಿರ್ಬಂಧದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಒಂದು ವಿಚಾರ: ರಸ್ತೆಗೂ ದಿನದ ಒಂದು ಭಾಗ ತನ್ನದಲ್ಲ ಎಂದು ಒಪ್ಪಿಕೊಂಡದ್ದು. ಹಗಲು ಮನುಷ್ಯರಿಗೆ, ರಾತ್ರಿ ಪ್ರಾಣಿಗಳಿಗೆ; ಆಂಬುಲೆನ್ಸ್‌ಗೆ ಯಾವಾಗಲೂ ದಾರಿ. ಇದು ಹಂಚಿಕೆ. ಮಣ್ಣಿನ ರಾಶಿಯಲ್ಲಿ ಇಲ್ಲದ್ದು ಇದರಲ್ಲಿದೆ.

ಈ ಹಂಚಿಕೆಯ ಬುದ್ಧಿಯನ್ನು ಸರಕಿನ ಪ್ರಶ್ನೆಗೂ ತರಬಹುದು ಎಂದು ನನಗೆ ಅನ್ನಿಸುತ್ತದೆ. ಮೊದಲನೆಯದು, ಲಾಭವನ್ನು ಯಾವ ಘಟಕದಲ್ಲಿ ಹೇಳುತ್ತೀರೋ ಹೊರೆಯನ್ನೂ ಅದೇ ಘಟಕದಲ್ಲಿ ಹೇಳಿ. ವರ್ಷಕ್ಕೆ ಇಷ್ಟು ಟನ್ ಎಂದು ಬರೆದ ಪುಟದಲ್ಲೇ, ಯಾವ ರಸ್ತೆಯ ಮೇಲೆ ಎಷ್ಟು ಟನ್, ಯಾವ ಹೊತ್ತಿನಲ್ಲಿ ಎಂದು ಬರೆಯಿರಿ. ಎರಡನೆಯದು, ಮಾತಾಡುವ ಹಕ್ಕು ರನ್‌ವೇಯ ಬೇಲಿಯ ಪಕ್ಕದವರಿಗೆ ಮಾತ್ರ ಸೀಮಿತವಾಗಬಾರದು. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ವಿಮಾನ ನಿಲ್ದಾಣಗಳಿಗೆ ಪೂರ್ವಾನುಮತಿ ಬೇಕು, ಸಾರ್ವಜನಿಕ ಆಲಿಕೆಗೂ ಜಾಗವಿದೆ. ಆದರೆ ಆ ಆಲಿಕೆ ನಡೆಯುವುದು ಯೋಜನೆಯ ಸ್ಥಳದಲ್ಲಿ ಅಥವಾ ಅದರ ಹತ್ತಿರ. ಐವತ್ತು ಕಿಲೋಮೀಟರ್ ಆಚೆ, ಇನ್ನೊಂದು ರಾಜ್ಯದಲ್ಲಿ, ಘಟ್ಟದ ಮೇಲಿನ ತಿರುವಿನಲ್ಲಿ ಇರುವ ಮನೆ ಆ ನಕ್ಷೆಯಲ್ಲಿ ಕಾಣಿಸುವುದಿಲ್ಲ. ಹೊಸ ಭೂಮಿ ತೆಗೆದುಕೊಳ್ಳದೆ ರಸ್ತೆ ವಿಸ್ತರಿಸಿದರೆ ಸಾರ್ವಜನಿಕ ಸಮಾಲೋಚನೆಯಿಂದಲೇ ವಿನಾಯಿತಿ ಇದೆ. ಹೀಗೆ ನಿಲ್ದಾಣದ ಕಡತ ರಸ್ತೆಯನ್ನು ಬಿಡುತ್ತದೆ, ರಸ್ತೆಯ ಕಡತ ಜನರನ್ನು ಬಿಡುತ್ತದೆ.

ಮೂರನೆಯದು, ರಸ್ತೆ ‘ಇಲ್ಲ’ ಎನ್ನುವ ದಿನಗಳನ್ನು ರಸ್ತೆಯ ಗುಣವೆಂದೇ ಒಪ್ಪಿಕೊಳ್ಳುವುದು. ಮಳೆಗಾಲದ ನಿರ್ಬಂಧವನ್ನು ವ್ಯಾಪಾರಕ್ಕೆ ಬಂದ ಅಡ್ಡಿ ಎಂದು ನೋಡಿದರೆ ಮುಂದಿನ ಹೆಜ್ಜೆ ಬರೆ ಕಡಿಯುವುದು. ಬರೆ ಕಡಿದರೆ ಅದರ ಮುಂದಿನ ಹೆಜ್ಜೆಯನ್ನು ಮಳೆಯೇ ಇಡುತ್ತದೆ. ಅಗಲವಾದ ರಸ್ತೆ ಹೊಸ ವಾಹನಗಳನ್ನು ಕರೆದು ಮತ್ತೆ ತುಂಬಿಕೊಳ್ಳುತ್ತದೆ ಎಂದು ಆಂಥೊನಿ ಡೌನ್ಸ್ 1962ರಲ್ಲೇ ತೋರಿಸಿದ್ದ. ಅವನು ಬರೆದದ್ದು ನಗರಗಳ ಬಗ್ಗೆ. ಘಟ್ಟದಲ್ಲಿ ಅಗಲ ಮಾಡುವುದಕ್ಕೆ ಇನ್ನೊಂದು ಮಿತಿಯಿದೆ: ಗುಡ್ಡ ಎಷ್ಟು ಕೊಟ್ಟೀತು ಎಂಬುದು. ವರ್ಷದಲ್ಲಿ ಕೆಲವು ವಾರ ಈ ದಾರಿ ಸಿಗುವುದಿಲ್ಲ ಎಂದು ಮೊದಲೇ ಲೆಕ್ಕಕ್ಕೆ ಹಿಡಿದ ಮೇಲೂ ಲಾಭ ತರುವ ನಿಲ್ದಾಣವಾದರೆ ಅದು ಈ ನೆಲಕ್ಕೆ ಹೊಂದುವ ನಿಲ್ದಾಣ. ಹಾಗೆ ಲೆಕ್ಕ ಹಾಕಿದಾಗ ಲಾಭ ಕರಗಿದರೆ, ಅದು ಅಷ್ಟು ದಿನ ತೋರಿಸುತ್ತಿದ್ದ ಲಾಭ ಯಾರದೋ ಚರಂಡಿಯ ಅಂಚಿನಿಂದ ಎತ್ತಿದ್ದು ಎಂದಾಯಿತು.

ಈ ಮೂರನ್ನೂ ಮಾಡಿದ ಮೇಲೂ ಜನ ವಿಮಾನ ನಿಲ್ದಾಣ ಬೇಕೆಂದೇ ಹೇಳಬಹುದು. ಹೇಳಲಿ. ನೀತಿಶಾಸ್ತ್ರ ಓದುವವರಿಗೆ ಜನರ ಪರವಾಗಿ ತೀರ್ಮಾನ ಮಾಡುವ ಅಧಿಕಾರವಿಲ್ಲ. ಲೆಕ್ಕದಲ್ಲಿ ಯಾರ ಹೆಸರು ಬಿಟ್ಟುಹೋಗಿದೆ ಎಂದು ಎತ್ತಿ ಹೇಳುವುದಷ್ಟೇ ನಮ್ಮ ಕೆಲಸ. ಗ್ಲೋವರನ ಕತೆಯಲ್ಲಿ ಊರಿನವರು ಮಾತಾಡುವುದೇ ಇಲ್ಲ ಎಂಬುದು ನನಗೆ ಹೊಳೆದದ್ದು ಈಚೆಗೆ. ಕಾಳು ತೆಗೆದವರ ಮನಸ್ಸಾಕ್ಷಿಯ ಬಗ್ಗೆ ಐವತ್ತು ವರ್ಷಗಳಿಂದ ವಿದ್ವಾಂಸರು ಚರ್ಚಿಸುತ್ತಿದ್ದಾರೆ. ಬಟ್ಟಲು ಹಿಡಿದು ಕೂತಿದ್ದವರನ್ನು ಯಾರಾದರೂ ಮೊದಲೇ ಕೇಳಿದ್ದರೆ, ಅವರು ಒಂದಷ್ಟು ಕಾಳನ್ನು ತಾವಾಗಿಯೇ ಕೊಡುತ್ತಿದ್ದರೋ ಏನೋ. ಎಷ್ಟು ಕೊಡಬಲ್ಲೆವು, ಎಷ್ಟು ಉಳಿಸಿಕೊಳ್ಳಬೇಕು ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?